ಪಾತಿ ಮೊದಲು, ನೋಟ ಆಮೇಲೆ: ಲಾಲ್‌ಬಾಗಿನ ಚರಿತ್ರೆ

ಲಾಲ್‌ಬಾಗ್ ಅಂದೊಡನೆ ಬೆಂಗಳೂರು ಕಣ್ಣಮುಂದೆ ಬರುವುದು ಉಳಿದವರಿಗೆ ಸಹಜ. ನಮ್ಮ ಚಿಂಚೋಳಿ, ಸೇಡಂ ಕಡೆಯವರಿಗೆ ಹಾಗಾಗಬೇಕೆಂದೇನಿಲ್ಲ. ಅವರಿಗೆ ಹತ್ತಿರದ ಲಾಲ್‌ಬಾಗ್ ಬೀದರ್ ಕೋಟೆಯೊಳಗಿದೆ. ಸೋಲಾ ಖಂಬ್ ಮಸೀದಿಯ ಮುಂದೆ ಉದ್ದಕ್ಕೆ ಚಾಚಿದ ಹಸಿರು ಅಂಗಳ, ನಡುವೆ ನೀರಿನ ಕಾಲುವೆ, ಪಕ್ಕದಲ್ಲೇ ಈಗ ವಸ್ತುಸಂಗ್ರಹಾಲಯವಾಗಿರುವ ಶಾಹಿ ಹಮ್ಮಾಮು. ಮಸೀದಿ ಕಟ್ಟಿದ್ದು 1423-24ರ ಸುಮಾರಿಗೆ, ಬಹಮನಿಗಳು ಕಲಬುರಗಿಯಿಂದ ಬೀದರಿಗೆ ರಾಜಧಾನಿ ಎತ್ತುತ್ತಿದ್ದ ಕಾಲದಲ್ಲಿ. ಬೆಂಗಳೂರಿನ ಲಾಲ್‌ಬಾಗಿಗೆ ಹೈದರಾಲಿ ಗುದ್ದಲಿ ಹಾಕಿಸಿದ್ದು 1760ರಲ್ಲಿ. ಹೆಸರಿನಲ್ಲೂ ವಂಶದಲ್ಲೂ ನಮ್ಮದೇ ಹಿರಿಯದು.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತೋಟವನ್ನು ಗೆರೆ ಹಾಕಿ ಚೌಕ ಚೌಕವಾಗಿ ಕೊಯ್ದು, ನಡುವೆ ನೀರು ಹರಿಸಿ, ಪ್ರತಿ ಚೌಕದಲ್ಲೂ ಒಂದೊಂದು ಜಾತಿಯ ಗಿಡ ನಿಲ್ಲಿಸುವ ಪದ್ಧತಿ ಪರ್ಷಿಯಾದಿಂದ ಬಂದು ದಖ್ಖನಿನಲ್ಲಿ ಬೇರು ಬಿಟ್ಟದ್ದು ಈ ಭಾಗದಲ್ಲೇ. ಅದನ್ನು ಪೂರ್ತಿಯಾಗಿ ನೋಡಬೇಕೆಂದರೆ ಬೀದರಿನ ಊರಾಚೆಗೆ, ಬಹಮನಿಗಳ ನಂತರ ಅಲ್ಲಿ ಆಳಿದ ಅಲಿ ಬರೀದನ ಗೋರಿಗೆ ಹೋಗಬೇಕು. ತಾನು ಬದುಕಿರುವಾಗಲೇ, 1577ರಲ್ಲಿ, ಅಲಿ ಬರೀದ್ ಕಟ್ಟಿಸಿಕೊಂಡ ಆ ಗೋರಿ ನಾಲ್ಕೂ ಕಡೆ ತೆರೆದ ಕಮಾನಿನದು. ಅದು ನಿಂತಿರುವುದು ನಾಲ್ಕು ಪಾಲು ಮಾಡಿದ ತೋಟದ ನಟ್ಟನಡುವೆ. ಈಗ ಅದು ಊರವರು ಸಂಜೆ ಬಂದು ಕೂರುವ ಉದ್ಯಾನ. ಬಹಮನಿಗಳಿಂದ ಈ ಪದ್ಧತಿ ಬಿಜಾಪುರಕ್ಕೆ ಹೋಯಿತು. ಬಿಜಾಪುರದ ದಂಡು 1638ರಲ್ಲಿ ಸಿರಾ ಹಿಡಿಯಿತು. ಬಿಜಾಪುರ ಬಿದ್ದ ಮೇಲೆ ಮೊಗಲರು ಅದೇ ಸಿರಾವನ್ನು ತಮ್ಮ ಸುಬಾದ ಠಾಣೆ ಮಾಡಿಕೊಂಡರು. ಅಲ್ಲಿನ ಸುಬೇದಾರ ದಿಲಾವರ್ ಖಾನನ ಖಾನ್ ಬಾಗನ್ನು ಕಂಡೇ ಹೈದರಾಲಿ ಬೆಂಗಳೂರಿನಲ್ಲಿ ಅಂಥದೊಂದು ಬೇಕೆಂದನೆಂದು ಲಾಲ್‌ಬಾಗಿನ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಹಾಗೆ ನೋಡಿದರೆ ಲಾಲ್‌ಬಾಗ್ ಬೆಂಗಳೂರಿಗೆ ಉತ್ತರದ ಕಡೆಯಿಂದ ಹೋದ ಸಂಬಂಧ.

ನಮ್ಮ ಭಾಗದ ಸಂಚಿಕೆಯೊಂದರಲ್ಲಿ ಲಾಲ್‌ಬಾಗಿನ ಕಥೆಗೆ ಜಾಗ ಸಿಗಬೇಕಾದದ್ದಕ್ಕೆ ಇನ್ನೂ ಗಟ್ಟಿ ಕಾರಣವೊಂದಿದೆ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ನಮ್ಮ ಪಾಲಿಗೆ ಬಂದ ಸಂಸ್ಥೆಗಳಲ್ಲಿ ಲಾಲ್‌ಬಾಗೂ ಒಂದು. ಅದಕ್ಕೂ ಮುಂಚೆ ಅದು ನಮ್ಮವರ ಪಾಲಿಗೆ ಬೇರೆ ರಾಜ್ಯದ ಬೇರೆ ಊರಿನ ತೋಟ. ಈಗ ಶಹಾಬಾದಿನಲ್ಲೋ ವಾಡಿಯಲ್ಲೋ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತಾರೆ. ವಿಧಾನಸೌಧದ ಕೆಲಸ ಮುಗಿಸಿ ಹೊತ್ತು ಉಳಿದರೆ ಲಾಲ್‌ಬಾಗಿಗೆ ಒಂದು ಸುತ್ತು ಹಾಕಿ, ಗಾಜಿನ ಮನೆ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಆ ಫೋಟೊದಲ್ಲಿ ಕಾಣುವುದು ಲಾಲ್‌ಬಾಗಿನ ಅರ್ಧ ಮಾತ್ರ, ಅದೂ ಎರಡನೆಯ ಅರ್ಧ.

ಮೊದಲನೆಯ ಅರ್ಧ ಸುಮಾರು 40 ಎಕರೆಯ ಒಂದು ಜಹಗೀರು ತೋಟ. ಬೆಂಗಳೂರು ಹೈದರನಿಗೆ ಮೈಸೂರು ಒಡೆಯರಿಂದ ಜಹಗೀರಾಗಿ ಬಂದಿತ್ತು. ಕೋಟೆಯಿಂದ ಆಗ್ನೇಯಕ್ಕೆ, ಇಂದಿಗೂ ಅಲ್ಲೇ ಕೂತಿರುವ ಹೆಬ್ಬಂಡೆಯ ಬಳಿ ತೋಟ ಎದ್ದಿತು. ಮುನ್ನೂರು ಕೋಟಿ ವರ್ಷದಷ್ಟು ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕುವ ಬಂಡೆ ಅದು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಪ್ಪ ಹಾಕಿದ ತೋಟವನ್ನು ಮಗ ಟಿಪ್ಪು ಬೆಳೆಸಿದ. ಊರೂರಿನಿಂದ ಬೀಜ ತರಿಸುವ ಹುಚ್ಚು ಅವನಿಗಿತ್ತು. 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳಿಸಿದ್ದು ಇಂಗ್ಲಿಷರ ವಿರುದ್ಧ ದಂಡು ಕೇಳಲು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದೇ ಪಟ್ಟಿಯಲ್ಲಿ ಕುಶಲಕರ್ಮಿಗಳ ಜತೆಗೆ ಬೀಜವೂ ತೋಟಗಾರರೂ ಬೇಕೆಂಬ ಬೇಡಿಕೆ ಇತ್ತು. ದಂಡು ಬರಲಿಲ್ಲ. ಬೀಜದ ಬೇಡಿಕೆಯನ್ನು ಮಾತ್ರ ಫ್ರೆಂಚರು ಗಂಭೀರವಾಗಿ ತೆಗೆದುಕೊಂಡರು.

ಆ ಕಾಲದ ಲಾಲ್‌ಬಾಗ್ ಹೇಗಿತ್ತೆಂದು ಕಣ್ಣಿಗೆ ಕಟ್ಟಿದಂತೆ ಬರೆದಿಟ್ಟವನು ಫ್ರಾನ್ಸಿಸ್ ಬುಕನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ವೈದ್ಯ ಆತ. ತೋಟ ವಿಶಾಲವಾಗಿದೆ, ಚೌಕ ಪಾತಿಗಳಾಗಿ ಭಾಗ ಮಾಡಿದ್ದಾರೆ, ಓಡಾಡುವ ದಾರಿಯ ಇಕ್ಕೆಲದಲ್ಲಿ ಸೊಗಸಾದ ಸೈಪ್ರಸ್ ಮರಗಳಿವೆ ಎನ್ನುತ್ತಾನೆ. ಗುಲಾಬಿಗೆ ಒಂದು ಪಾತಿ, ದಾಳಿಂಬೆಗೆ ಇನ್ನೊಂದು, ಹೀಗೆ ಜಾತಿಗೊಂದು. ಪಾತಿಗಳಲ್ಲಿ ಹಣ್ಣಿನ ಗಿಡದ ಜತೆ ಸೊಪ್ಪು ತರಕಾರಿಯೂ ಇತ್ತು. ದಾರಿಗೆ ಗರಸು ಹಾಕಿಲ್ಲ, ಕೆಲಸ ಅಚ್ಚುಕಟ್ಟಿಲ್ಲ ಎಂದು ಮೂಗು ಮುರಿದವನು, ಮೊದಲು ಚೆನ್ನಾಗಿ ನೋಡಿಕೊಳ್ಳುತ್ತಿದ್ದರಂತೆ ಎಂಬ ಅಲ್ಲಿಯವರ ಮಾತನ್ನೂ ದಾಖಲಿಸಿದ್ದಾನೆ. ಯುದ್ಧ ಸೋತ ಊರಿನ ತೋಟ ಮತ್ತೆ ಹೇಗಿದ್ದೀತು?

ಬುಕನನ್ ಕಂಡ ದೊಡ್ಡ ಕೊರತೆ ನೀರಿನದು. ಬೇಸಿಗೆಯಲ್ಲಿ ಏನನ್ನೇ ಬೆಳೆದರೂ ನೀರು ಹೊತ್ತೇ ಹಾಕಬೇಕಾದ ಒಣ ನೆಲ ಇದು ಎಂದು ಆತ ಬೆಂಗಳೂರಿನ ಬಗ್ಗೆ ಬರೆದಾಗ ಚಿತ್ತಾಪುರದ ಓದುಗನಿಗೆ ಸಣ್ಣ ನಗು ಬರಬಹುದು. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿದ್ದವು. ನೀರೆತ್ತುತ್ತಿದ್ದದ್ದು ಕಪಿಲೆಯಿಂದ: ತೊಗಲಿನ ಚೀಲಕ್ಕೆ ಹಗ್ಗ, ಹಗ್ಗ ಗಾಲಿಯ ಮೇಲೆ ಹಾದು ಜೋಡೆತ್ತಿನ ನೊಗಕ್ಕೆ, ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೆ ಬರುತ್ತದೆ, ಹಿಂದಕ್ಕೆ ಹತ್ತಿದಂತೆ ಬಾವಿಗೆ ಇಳಿಯುತ್ತದೆ. ಏತಕ್ಕಿಂತ ಇದೇ ಮೇಲು ಎಂದು ಕೆಲಸಗಾರರು ಅವನಿಗೆ ಹೇಳಿದ್ದರು. ಕರೆಂಟು ಬರುವ ತನಕ ನಮ್ಮ ಕಡೆಯ ಬಾವಿಗಳಲ್ಲೂ ಇದೇ ನಡೆಯುತ್ತಿತ್ತು. ಎತ್ತು ಇಳಿಯುವ ಆ ಇಳಿಜಾರು ಹಳೆಯ ಬಾವಿಗಳ ಬದಿಯಲ್ಲಿ ಇನ್ನೂ ಗುರುತಿಗೆ ಸಿಗುತ್ತದೆ. ಸೈಪ್ರಸ್ ಸಾಲಿನ ಅಂದವೆಲ್ಲ ಆ ಜೋಡೆತ್ತಿನ ದಿನದ ಓಡಾಟದ ಮೇಲೆ ನಿಂತಿತ್ತು. ಲಾಲ್‌ಬಾಗಿನ ಬಗ್ಗೆ ಬರೆದದ್ದರಲ್ಲಿ ನನಗೆ ತೀರ ಇಷ್ಟವಾದದ್ದು ಬುಕನನನ ಈ ಒಂದು ಪ್ಯಾರಾ. ಅದರಲ್ಲಿ ರಾಜನಿಲ್ಲ, ಬಾವಿ, ಎತ್ತು, ಕೆಲಸದವರ ಅಭಿಪ್ರಾಯ ಇವೆ.

ಮುಂದಿನ ಐವತ್ತು ವರ್ಷವನ್ನು ಬೇಗ ದಾಟಬಹುದು. 1799ರ ನಂತರ ತೋಟ ಮೇಜರ್ ಗಿಲ್ಬರ್ಟ್ ವಾ ಎಂಬ ಸೈನ್ಯಾಧಿಕಾರಿಯ ಕೈಯಲ್ಲಿತ್ತು. 1819ರಲ್ಲಿ ಕಂಪನಿಗೆ ಬಂದು ಕಲ್ಕತ್ತದ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್‌ನ ಉಸ್ತುವಾರಿಗೆ ಹೋಯಿತು. 1836ರಲ್ಲಿ ಬೆಂಗಳೂರಿನ ದೊರೆಗಳು ಒಂದು ಕೃಷಿ ತೋಟಗಾರಿಕೆ ಸಂಘ ಕಟ್ಟಿ ತೋಟವನ್ನು ಅದಕ್ಕೆ ವಹಿಸಿದರು; 1842ಕ್ಕೆ ಸಂಘವೇ ಮುಚ್ಚಿತು. ಒಬ್ಬರ ಕೈಯಿಂದ ಒಬ್ಬರಿಗೆ ಹೋದ ಜಹಗೀರುಗಳ ಗತಿ ನಮ್ಮ ಭಾಗದವರಿಗೆ ಹೊಸದಲ್ಲ. ಲಾಲ್‌ಬಾಗ್ ಸೈಟುಗಳಾಗದೆ ಉಳಿದದ್ದೇ ಆಶ್ಚರ್ಯ. ಅದನ್ನು ಉಳಿಸಿದ್ದು 1856ರ ತೀರ್ಮಾನ. ಮದರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಸಲಹೆಯ ಮೇರೆಗೆ ಸರ್ಕಾರ ಅದನ್ನು ತನ್ನದೇ ಸಸ್ಯೋದ್ಯಾನ ಮಾಡಿಕೊಂಡಿತು. ಒಬ್ಬನ ಖಾಸಗಿ ತೋಟ ಸಂಸ್ಥೆಯಾದದ್ದು ಆಗ.

ಸಂಸ್ಥೆಯಾದ ಮೇಲೆ ಅದರ ಕಸುಬೂ ಬದಲಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ತೋಟಗಾರರು ಬಂದರು. 1858ರಲ್ಲಿ ವಿಲಿಯಂ ನ್ಯೂ, 1874ರಲ್ಲಿ ಜಾನ್ ಕ್ಯಾಮರಾನ್. ಬೇರೆ ಬೇರೆ ಖಂಡದ ಗಿಡಗಳು ಗಾಜು ಹೊದಿಸಿದ ಪೆಟ್ಟಿಗೆಗಳಲ್ಲಿ ಹಡಗೇರಿ ಊರೂರು ಅಲೆಯುತ್ತಿದ್ದ ಕಾಲ ಅದು. ಹೀಗೆ ಬಂದದ್ದನ್ನು ನೆಟ್ಟು, ಇಲ್ಲಿನ ಮಣ್ಣಿಗೆ ಒಗ್ಗಿತೇ, ಹೂ ಬಿಟ್ಟಿತೇ, ಕಾಯಿ ಕಚ್ಚಿತೇ ಎಂದು ನೋಡಿ, ಒಗ್ಗಿದ್ದನ್ನು ಸಸಿ ಮಾಡಿ ಹಂಚುವುದು ಲಾಲ್‌ಬಾಗಿನ ಮುಖ್ಯ ಕೆಲಸ. ಇಂದು ದಕ್ಷಿಣದ ಎಲ್ಲ ಸಂತೆಗಳಲ್ಲೂ ಸಿಗುವ ಸೀಮೆ ಬದನೆ ಹರಡಿದ್ದು ಕ್ಯಾಮರಾನರ ಕಾಲದ ಲಾಲ್‌ಬಾಗಿನಿಂದ. 34 ವರ್ಷ ಅಲ್ಲೇ ಇದ್ದು ತೋಟದ ವಿಸ್ತೀರ್ಣವನ್ನು ಹಲವು ಪಟ್ಟು ಹೆಚ್ಚಿಸಿ, ಇರುವ ಗಿಡಗಳ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ ಮನುಷ್ಯ ಆತ. ಪಟ್ಟಿ ಅಂದರೆ ಬೇಸರದ ಕೆಲಸ ಅನಿಸಬಹುದು. ಆದರೆ ಯಾವ ಗಿಡ ಎಲ್ಲಿಂದ ಬಂತು, ಬದುಕಿತೋ ಇಲ್ಲವೋ ಅನ್ನುವ ಲೆಕ್ಕವಿಲ್ಲದಿದ್ದರೆ ಸಸ್ಯೋದ್ಯಾನಕ್ಕೂ ಹೂದೋಟಕ್ಕೂ ಅಂತರ ಉಳಿಯುವುದಿಲ್ಲ.

ಗಾಜಿನ ಮನೆ ಬಂದದ್ದೂ ಕ್ಯಾಮರಾನರ ಕಾಲದಲ್ಲೇ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಎರಕದ ಕಬ್ಬಿಣದ ಕಂಬ ಕಮಾನುಗಳು ಗ್ಲಾಸ್ಗೋದ ಸಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾದವು. 1935ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಅದನ್ನು ಪೂರ್ವಕ್ಕೆ ಹಿಗ್ಗಿಸಿದಾಗ ಬೇಕಾದ ಉಕ್ಕು ಭದ್ರಾವತಿಯದೇ ಆಗಿತ್ತು. ಅಷ್ಟರೊಳಗೆ ಸಂಸ್ಥಾನಕ್ಕೆ ತನ್ನದೇ ಕಬ್ಬಿಣ ಬಂದಿತ್ತು. ಗಾಜಿನ ಮನೆ ಬಂದ ಮೇಲೆ ಜನ ಲಾಲ್‌ಬಾಗನ್ನು ನೋಡುವ ರೀತಿ ಬದಲಾಯಿತು. ಫಲಪುಷ್ಪ ಪ್ರದರ್ಶನ, ಸಾಲಾಗಿಟ್ಟ ಹೂಕುಂಡಗಳು ಮುನ್ನೆಲೆಗೆ ಬಂದವು. ಹಿತ್ತಲ ಕಡೆ ನಡೆಯುತ್ತಿದ್ದ ಸಸಿಯ ಕೆಲಸ ಸಂದರ್ಶಕರ ಕಣ್ಣಿನಿಂದ ಮರೆಯಾಯಿತು.

ಎರಡನ್ನೂ ಒಟ್ಟಿಗೆ ತೂಗಿಸಿದವರು ಗುಸ್ತಾವ್ ಹರ್ಮನ್ ಕ್ರುಂಬೀಗಲ್. ಜರ್ಮನಿಯ ಡ್ರೆಸ್ಡೆನ್ ಬಳಿಯವರು, ಕ್ಯೂದಲ್ಲಿ ಕಲಿತವರು, ಬರೋಡಾದ ಗಾಯಕವಾಡರಲ್ಲಿ ಕೆಲಸ ಮಾಡಿ 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಎಂಬ ಕಾರಣಕ್ಕೆ ಬಂಧನವನ್ನೂ ಕಂಡರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಸಾಲು ಹಾಕಿಸಿದ ಯೋಜನೆ ಅವರದು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಕಟ್ಟಿ, ಖಾಸಗಿ ಮನೆಯವರ ಕೈತೋಟಗಳನ್ನೂ ಲಾಲ್‌ಬಾಗಿಗೆ ಹೊಂದಿಸಿದರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದಲ್ಲಿ ಮಿರ್ಜಾರ ಆಸೆಯಂತೆ ಕಾಶ್ಮೀರದ ಶಾಲಿಮಾರಿನ ಮಾದರಿ ಮತ್ತೆ ಬಂತು: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಕಾಲುವೆ, ಕಾರಂಜಿ. ಬೀದರಿನ ಕೋಟೆಯಲ್ಲಿ ಕಂಡ ಅದೇ ಲೆಕ್ಕಾಚಾರ, ಈ ಸಲ ಅಣೆಕಟ್ಟಿನ ನೀರಿನಲ್ಲಿ. 1932ರಲ್ಲಿ ನಿವೃತ್ತರಾದ ಕ್ರುಂಬೀಗಲ್ ತಮ್ಮೂರಿಗೆ ಹೋಗಲಿಲ್ಲ. ಬೆಂಗಳೂರಿನಲ್ಲೇ ಇದ್ದು 1956ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಜಾಗಕ್ಕೆ ಬಂದ ಎಚ್.ಸಿ. ಜವರಾಯ ಲಾಲ್‌ಬಾಗಿನ ಮೊದಲ ಭಾರತೀಯ ಸೂಪರಿಂಟೆಂಡೆಂಟು. ಅವರ ಹಿಂದೆಯೂ ಮುಂದೆಯೂ ಹೆಸರಿಲ್ಲದ ನೂರಾರು ಮಾಲಿಗಳಿದ್ದಾರೆ. ಬೆಂಗಳೂರಿನ ತೋಟದ ಕೆಲಸವನ್ನು ತಲೆತಲಾಂತರದಿಂದ ಹೊತ್ತವರು ತಿಗಳರು. ಕ್ಯೂದಿಂದ ಬಂದ ದೊರೆಗೆ ಲ್ಯಾಟಿನ್ ಹೆಸರು ಗೊತ್ತಿತ್ತು. ಯಾವ ತಿಂಗಳು ಕಸಿ ಕಟ್ಟಿದರೆ ಹಿಡಿಯುತ್ತದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಗೊತ್ತಿದ್ದದ್ದು ಮಾಲಿಗೆ. ಸ್ಮರಣ ಸಂಚಿಕೆಗಳಲ್ಲಿ ಸೂಪರಿಂಟೆಂಡೆಂಟರ ಭಾವಚಿತ್ರಗಳು ಸಾಲಾಗಿ ಅಚ್ಚಾಗುತ್ತವೆ. ಮಾಲಿಗಳದು ಗುಂಪು ಫೋಟೊ, ಅದೂ ಸಿಕ್ಕರೆ. ನಾನೂ ಇಲ್ಲಿ ಅದೇ ಮಾಡುತ್ತಿದ್ದೇನೆ.

ಈಗ ನಮ್ಮ ಕಡೆಗೆ ಬರೋಣ. ಮೈಸೂರು ಜಿಲ್ಲೆಯವರಾದ ಎಂ.ಎಚ್. ಮರಿಗೌಡ ಹಾರ್ವರ್ಡಿನಲ್ಲಿ ಡಾಕ್ಟರೇಟು ಮಾಡಿ ಬಂದು 1951ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಐದು ವರ್ಷಕ್ಕೆ ರಾಜ್ಯವೇ ದೊಡ್ಡದಾಯಿತು: ಹೈದರಾಬಾದಿನಿಂದ ಮೂರು ಜಿಲ್ಲೆ, ಬೊಂಬಾಯಿಯಿಂದ ನಾಲ್ಕು, ಜತೆಗೆ ಕೊಡಗು, ದಕ್ಷಿಣ ಕನ್ನಡ. ಮಲೆನಾಡಿನ ಅಡಿಕೆಗೂ ಸೇಡಂನ ಎರೆ ಭೂಮಿಗೂ ಒಂದೇ ಕಚೇರಿ. 1963ರಲ್ಲಿ ತೋಟಗಾರಿಕೆ ಸ್ವತಂತ್ರ ಇಲಾಖೆಯಾಯಿತು, ಮರಿಗೌಡರೇ ಮೊದಲ ನಿರ್ದೇಶಕರು, ಕೇಂದ್ರ ಕಚೇರಿ ಲಾಲ್‌ಬಾಗಿನಲ್ಲೇ. ಊರೂರಿಗೆ ಗಾಜಿನ ಮನೆ ಕಟ್ಟುವ ಆಸೆ ಅವರಿಗಿರಲಿಲ್ಲ. ಊರೂರಿಗೆ ಸಸ್ಯಕ್ಷೇತ್ರ ಬೇಕೆಂದು ಹಟ ಹಿಡಿದರು. ಪಾಳು ಬಿದ್ದ ಸರ್ಕಾರಿ ಜಮೀನು ಹುಡುಕಿ, ಬೇಲಿ ಹಾಕಿಸಿ, ತಾಯಿಗಿಡಗಳನ್ನು ನೆಡಿಸಿ, ಅವುಗಳಿಂದ ಕಸಿ ಸಸಿ ಮಾಡಿ ರೈತರಿಗೆ ಕೊಡುವ ನೂರಾರು ತೋಟಗಾರಿಕಾ ಕ್ಷೇತ್ರಗಳನ್ನು ರಾಜ್ಯದ ಉದ್ದಗಲಕ್ಕೆ ಎಬ್ಬಿಸಿದರು. ಬೆಳೆದದ್ದನ್ನು ಮಾರಲು ಸಹಕಾರಿ ವ್ಯವಸ್ಥೆ ಬೇಕೆಂದು ನಿಂತವರೂ ಅವರೇ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾದದ್ದು ಇಂದಿನ ಹಾಪ್‌ಕಾಮ್ಸ್. 1974ರಲ್ಲಿ ನಿವೃತ್ತರಾದರು. ಅವರು ಹುಟ್ಟಿದ ಆಗಸ್ಟ್ 8ನ್ನು ತೋಟಗಾರಿಕೆಯವರು ಇಂದಿಗೂ ನೆನೆಯುತ್ತಾರೆ.

ಹಳೆಯ ಲಾಲ್‌ಬಾಗಿನ ಪಾತಿಗೆ ರಾಜ್ಯದಷ್ಟು ಅಗಲ ಕೊಟ್ಟವರು ಮರಿಗೌಡರು ಎನ್ನಬೇಕು. ಗುಲಾಬಿಗೆ ಒಂದು ಚೌಕ, ದಾಳಿಂಬೆಗೆ ಒಂದು ಚೌಕ ಎಂದಿದ್ದದ್ದು ಜಿಲ್ಲೆಗೊಂದು, ತಾಲ್ಲೂಕಿಗೊಂದು ಕ್ಷೇತ್ರವಾಯಿತು. ಇಂದು ಸೇಡಂ, ಚಿತ್ತಾಪುರ, ಚಿಂಚೋಳಿಯ ತೋಟಗಾರಿಕೆ ಕಚೇರಿಗೆ ಹನಿ ನೀರಾವರಿಯ ಅರ್ಜಿ ಹಿಡಿದು ಹೋಗುವ ರೈತ ಹೈದರನ ಬಾಗಿನ ದೂರದ ಕವಲೊಂದರ ಬಾಗಿಲಲ್ಲೇ ನಿಂತಿರುತ್ತಾನೆ.

ಆದರೆ ಲಾಲ್‌ಬಾಗಿನ ಕೆಂಪು ಮಣ್ಣಿನಲ್ಲಿ ಕಲಿತ ಪಾಠ ನಮ್ಮ ನೆಲದಲ್ಲಿ ಹಾಗೇ ನಡೆಯುವುದಿಲ್ಲ. ಇಲ್ಲಿ ಮೇಲೆ ಎರೆ, ಕೆಳಗೆ ಫರಸಿ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ನೀರು ಹಿಡಿದಿಡುತ್ತದೆ, ಬೇರು ಉಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಎಳೆಯ ಬೇರನ್ನು ಹರಿದು ಹಾಕುತ್ತದೆ. ಅದರ ತಳದಲ್ಲಿ ಶಹಾಬಾದು ಕಲ್ಲಿನ ಹಾಸು, ಹಾಳೆ ಮೇಲೆ ಹಾಳೆ ಇಟ್ಟಂತೆ. ಇದೇ ಸುಣ್ಣಕಲ್ಲು ನಮ್ಮ ಮನೆಗಳ ನೆಲಕ್ಕೂ ಛಾವಣಿಗೂ ಬಂತು. ಸನ್ನತಿ, ಕನಗನಹಳ್ಳಿಯ ಬೌದ್ಧ ಶಿಲ್ಪಿಗಳು ಕೆತ್ತಿದ್ದೂ ಸುಣ್ಣಕಲ್ಲಿನ ಹಲಗೆಗಳನ್ನೇ. ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ಎಬ್ಬಿಸಿದ್ದೂ ಇದೇ ಕಲ್ಲು. 1936ರಲ್ಲಿ ಎಸಿಸಿ ಆಗಲು ಒಂದಾದ ಹತ್ತು ಕಂಪನಿಗಳಲ್ಲಿ ಶಹಾಬಾದ್ ಸಿಮೆಂಟ್ ಒಂದಾಗಿತ್ತು. ಕಟ್ಟುವವನಿಗೆ ಚಿನ್ನವಾದ ಕಲ್ಲು ನೆಡುವವನಿಗೆ ತಲೆನೋವು. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆ ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವಿನದೆಲ್ಲ ಹಳದಿಗೆ ತಿರುಗುತ್ತದೆ. ನೀರು ಸಾಲದೆಂದುಕೊಂಡು ಇನ್ನಷ್ಟು ನೀರು ಬಿಟ್ಟರೆ ಹಳದಿ ಇನ್ನೂ ಏರುತ್ತದೆ.

ಹೀಗಾಗಿ ಇಲ್ಲಿ ಒಂದು ಮಾವಿನ ಗಿಡ ನಿಲ್ಲಿಸಬೇಕೆಂದರೆ ಹಾರೆ, ಸುತ್ತಿಗೆ ಹಿಡಿದು ಮಾರುದ್ದದ ಗುಂಡಿ ತೋಡಿ, ಫರಸಿಯ ಪದರ ಒಡೆದು ತೆಗೆದು, ದೂರದ ಮಸಾರಿ ಮಣ್ಣು ತಂದು ಕುರಿಗೊಬ್ಬರ ಬೆರೆಸಿ ತುಂಬಬೇಕು. ಸಿಮೆಂಟು ಕಾಲೊನಿಗಳ ಹಸಿರು ಸಾಲುಗಳ ಕೆಳಗೂ ಈ ಕೆಲಸವಿದೆ. ಸಂಬಳದ ಕೂಲಿ, ಪೈಪಿನ ನೀರು ಇರುವ ಕಂಪನಿಗೆ ಅದು ಸಾಧ್ಯ. ತೊಗರಿ ಬಿತ್ತಿ ಮಳೆ ಕಾಯುವವನಿಗೆ ಎಕರೆಗೆ ಎಷ್ಟು ಗುಂಡಿ ತೋಡಲಾದೀತು? ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೂ ಕಾರಣ ಈ ಸುಣ್ಣದ ಎರೆಯೇ. ಹಣ್ಣಿಗೆ ಬೇಡವಾದದ್ದು ಬೇಳೆಗೆ ಒದಗಿತು.

ನನ್ನ ತಕರಾರು ಇಷ್ಟೇ. ಲಾಲ್‌ಬಾಗಿನಿಂದ ನಾಡು ಕಲಿತದ್ದು ಹೆಚ್ಚಾಗಿ ಅದರ ಎರಡನೆಯ ಅರ್ಧವನ್ನು. ದಾವಣಗೆರೆಯಲ್ಲಿ, ತುಮಕೂರಿನಲ್ಲಿ ಗಾಜಿನ ಮನೆಗಳೆದ್ದವು. ಜಿಲ್ಲೆ ಜಿಲ್ಲೆಯಲ್ಲೂ ಜನವರಿ, ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹೂವಿನಲ್ಲಿ ಸಂಸತ್ತು, ಹೂವಿನಲ್ಲಿ ಬಸವಣ್ಣ. ಜನ ಸಂಭ್ರಮ ಪಡಲಿ, ಯಾರು ಬೇಡ ಅನ್ನುತ್ತಾರೆ? ಆದರೆ ನ್ಯೂ, ಕ್ಯಾಮರಾನ್ ಮಾಡಿದ ಕೆಲಸ, ಅಂದರೆ ಯಾವ ಗಿಡ ಈ ನೆಲಕ್ಕೆ ಒಗ್ಗುತ್ತದೆಂದು ವರ್ಷಗಟ್ಟಲೆ ನೆಟ್ಟು ನೋಡಿ ಬರೆದಿಡುವುದು, ಫರಸಿ ಸೀಮೆಗೆ ಬೇಕಾದಷ್ಟು ಆಗಿಲ್ಲ. ಕೆಂಪು ಮಣ್ಣಿನಲ್ಲಿ ಎದ್ದ ಕಸಿ ಸಸಿಯನ್ನು ಲಾರಿಯಲ್ಲಿ ತಂದು ಎರೆಯಲ್ಲಿ ನೆಟ್ಟು, ಮೂರನೆಯ ಬೇಸಿಗೆಗೆ ಒಣಗಿದಾಗ ರೈತನ ನಿರ್ಲಕ್ಷ್ಯ ಎಂದು ಬರೆದುಬಿಡುವುದು ಸುಲಭ.

ಒಗ್ಗುವ ಗಿಡಗಳೇನೂ ಗುಟ್ಟಿನವಲ್ಲ. ಬದುವಿನ ಮೇಲೆ ಬೋರೆ ಯಾರೂ ನೆಡದೆ ಬೆಳೆಯುತ್ತದೆ. ಹುಣಸೆ, ಬೇವು, ನೇರಳೆ ಹಳ್ಳದ ದಂಡೆಯಲ್ಲಿ ತಲೆಮಾರುಗಟ್ಟಲೆ ನಿಂತಿವೆ. ಸೀತಾಫಲ ಕಲ್ಲುಗುಡ್ಡದಲ್ಲೇ ಸಿಹಿಯಾಗುತ್ತದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು; ಚಂದ್ರಂಪಳ್ಳಿ ಕೆರೆಯ ಸುತ್ತಿನ ಆ ಒಣಕಾಡಿನಲ್ಲಿ ಈ ಮಣ್ಣಿನ ಹೊಂದಾಣಿಕೆಯನ್ನು ಸಾವಿರಾರು ವರ್ಷ ಪರೀಕ್ಷಿಸಿ ಗೆದ್ದ ಜಾತಿಗಳಿವೆ. ಇವುಗಳಲ್ಲಿ ಹಣ್ಣು ಚೆನ್ನಾಗಿರುವ ಮರಗಳನ್ನು ಗುರುತಿಸಿ ತಾಯಿಗಿಡ ಮಾಡಿಕೊಳ್ಳಬೇಕು, ಇಲ್ಲಿನ ಬೇರಿನ ಮೇಲೇ ಕಸಿ ಕಟ್ಟಬೇಕು, ಯಾವುದು ಎಷ್ಟು ಬೇಸಿಗೆ ತಡೆಯಿತೆಂದು ದಫ್ತರದಲ್ಲಿ ಬರೆಯಬೇಕು. ಜಾತಿಗೊಂದು ಪಾತಿ, ಪಾತಿಗೊಂದು ಫಲಕ, ಒಂದು ಬಾವಿ ಸಾಕು. ಅಂಥ ತೋಟಕ್ಕೆ ಗಾಜಿನ ಮನೆಯ ಖರ್ಚು ಬೀಳುವುದಿಲ್ಲ. ಓಡಾಡುವ ದಾರಿಗೆ ಹಾಸಲು ಫರಸಿಯಂತೂ ಗುಂಡಿ ತೋಡುವಾಗಲೇ ಸಿಗುತ್ತದೆ.